ನೀಲಿ ಡ್ರಮ್ಮಿನ ಸುತ್ತು

ಜೂನ್ 22, ಭಾನುವಾರ

ಇಂದಿನಿಂದ ನಾನು ಹಾಯಿದೋಣಿ ಪಂದ್ಯಾವಳಿಯ ಅಂಕಾಧಿಕಾರಿ. ದೋಣಿ ಹತ್ತಿದವಳಲ್ಲ, ಈಜು ಬಾರದು. ಊರಿನ ಹೆಸರಿನ ಕೊನೆಗೊಂದು ಕೆರೆ ಇದೆ ಎಂಬುದೇ ಅರ್ಹತೆ. ಅರಸೀಕೆರೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುತ್ತ ವರ್ಷವರ್ಷವೂ ಹುಡುಗರನ್ನು ಒಣನೆಲದಲ್ಲೇ ಮುಳುಗಿಸುತ್ತ ಬಂದವಳಿಗೆ ಈಗ ನಿಜವಾದ ನೀರು ಸಿಕ್ಕಿದೆ.

ಇದಕ್ಕೆಲ್ಲ ಕಾರಣ ಅಪ್ಪನ ಹಳೆಯ ಸ್ನೇಹಿತರಾದ ಕರಿಬಸವಯ್ಯನವರು. ಜಾವಗಲ್ಲಿನ ರಾಗಿ ಹೊಲದಿಂದ ಎದ್ದು ನೌಕಾಪಡೆ ಸೇರಿ, ನಿವೃತ್ತರಾದ ಮೇಲೆ ಬೇಲೂರಿಗೆ ಬಂದು, ಯಗಚಿ ಹಿನ್ನೀರಿನ ದಡದಲ್ಲಿ ಶೆಡ್ಡು ಹಾಕಿಕೊಂಡು ಪ್ಲೈವುಡ್ಡಿನಲ್ಲಿ ಏಳು ದೋಣಿ ಮಾಡಿದ್ದಾರೆ. ಬಿದಿರಿನ ಕಂಬ. ಹಾಯಿಗೆ ಊರೂರಿನ ಹಳೆಯ ಫ್ಲೆಕ್ಸು. ಒಂದರಲ್ಲಿ ಯಾರದೋ ಹುಟ್ಟುಹಬ್ಬದ ಹಾರ್ದಿಕ ಶುಭಾಶಯ, ಒಂದರಲ್ಲಿ ಕೈಮುಗಿದ ಅಭ್ಯರ್ಥಿ, ಇನ್ನೊಂದರಲ್ಲಿ ಶೇಕಡಾ ನೂರು ಫಲಿತಾಂಶದ ಟ್ಯೂಷನ್ನು. ಮೇಲೆ ವೋಟಿನವರು, ಕೆಳಗೆ ಓಟದವರು. ಗಾಳಿ ಬಂದ ಕಡೆ ಮುಖ ತಿರುಗಿಸುವುದನ್ನು ನಮ್ಮ ನಾಯಕರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲವಂತೆ.

ಐದು ಓಟ, ಐದು ಭಾನುವಾರ. ಗೆದ್ದವರಿಗೆ ಕಪ್ಪು ಇಲ್ಲ, ಕೆಲಸ ಇದೆ. ಹಿನ್ನೀರಿನ ಪಕ್ಕ ಹೋಟೆಲು ಕಟ್ಟುತ್ತಿರುವ ಚೇತನ್‌ಕುಮಾರ್ ಎಂಬವರು ಪ್ರವಾಸಿಗಳಿಗಾಗಿ ಹಾಯಿದೋಣಿ ಇಡುತ್ತಾರೆ. ಅದನ್ನು ನೋಡಿಕೊಳ್ಳಲು ತಿಂಗಳ ಸಂಬಳದ ಒಬ್ಬರು ಬೇಕು. ಪಂದ್ಯಾವಳಿ ಗೆದ್ದವರಿಗೇ ಆ ಕೆಲಸ ಎಂದು ಮಾತು ಕೊಟ್ಟಿದ್ದಾರೆ.

ಕರಿಬಸವಯ್ಯನವರ ಇಂಗ್ಲಿಷ್ ನಿಯಮದ ಪುಸ್ತಕವನ್ನು ಇಟ್ಟುಕೊಂಡು ಕನ್ನಡದಲ್ಲಿ ನಿಯಮ ಬರೆದೆ. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಓಟ ಮುಗಿಸದವರಿಗೆ ಎಂಟು. ಕೊನೆಗೆ ಕೂಡಿದಾಗ ಯಾರದು ಕಡಿಮೆಯೋ ಅವರೇ ಗೆದ್ದವರು. "ಕಮ್ಮಿ ಇದ್ದೋನೆ ಗೆಲ್ಲೋದು ಹೆಂಗೆ ಮೇಡಮ್ಮ?" ಎಂದು ಮೀನುಗಾರರೊಬ್ಬರು ಕೇಳಿದರು. ಬಿಪಿಎಲ್ ಕಾರ್ಡು ಇದ್ದ ಹಾಗೆ ಎಂದೆ. ಏಳು ಮಂದಿಗೂ ಒಂದೇ ಏಟಿಗೆ ಅರ್ಥವಾಯಿತು. ಕಾಲೇಜಿನಲ್ಲಿ ಇದನ್ನೇ ಹೇಳಲು ಎರಡು ತರಗತಿ ಹಿಡಿಯುತ್ತಿತ್ತು.

"ಬೇರೆ ಕಡೆ ಕೆಟ್ಟ ಓಟ ಒಂದನ್ನ ಲೆಕ್ಕದಿಂದ ಬಿಡ್ತಾರೆ ಕಣಮ್ಮ" ಎಂದರು ಕರಿಬಸವಯ್ಯನವರು.

"ನಮ್ಮಲ್ಲಿ ಬೇಡ ಸಾರ್. ಒಂದು ಬಿಡಬಹುದು ಅಂದ್ರೆ ನಮ್ಮವರು ಎಲ್ಲಾನೂ ಬಿಡ್ತಾರೆ."

ಅವರು ನಕ್ಕರು. ನಿಯಮ ಹಾಗೇ ಉಳಿಯಿತು.

ಜೂನ್ 29, ಭಾನುವಾರ

ಮೊದಲ ಅಂಕದ ಪರದೆ ಎದ್ದಿತು. ಆಷಾಢದ ಗಾಳಿಗೆ ದಡದಲ್ಲಿದ್ದ ನನ್ನ ಕುರ್ಚಿಯೇ ಹಾಯಿ ಬಿಚ್ಚಿಕೊಂಡು ಹೊರಡುವ ಹಾಗಿತ್ತು.

ಗೆದ್ದವರು ತಿಮ್ಮಯ್ಯ. ಹಿನ್ನೀರಿನಲ್ಲಿ ಮೀನು ಹಿಡಿಯುವವರು, ಐವತ್ತರ ಆಸುಪಾಸು, ಮಾತಿಗೆ ಮುಂಚೆ ನಗು. ಅವರ ಹೆಂಡತಿ ರುದ್ರಮ್ಮ ದಿನವೂ ಹುಟ್ಟು ಹಾಕುವವರು. ಆಕೆ ದೋಣಿ ನಡೆಸಿದರೆ ಈತ ಬಲೆ ಬೀಸುವುದು. ಓಟದಲ್ಲಿ ದೋಣಿಗೊಬ್ಬರೇ ಎಂಬ ನಿಯಮದಿಂದಾಗಿ ರುದ್ರಮ್ಮ ದಡದಲ್ಲಿ ನನ್ನ ಪಕ್ಕ ಕುಳಿತು ಗಂಡನಿಗೆ ಕೇಳದ ಹಾಗೆ ಆಜ್ಞೆ ಕೊಡುತ್ತಿದ್ದರು. "ಎಳ್ಕೊ, ಎಳ್ಕೊ... ಅಯ್ಯೋ, ಈವಯ್ಯನ ಕೈಗೆ ಹಗ್ಗ ಕೊಡೋ ಬದ್ಲು ಹಸ ಕೊಡಬೇಕಿತ್ತು." ಹುಟ್ಟುಹಬ್ಬದ ಶುಭಾಶಯದ ಹಾಯಿ ಇವರದು.

ಎರಡನೆಯವಳು ನನ್ನ ಮಾಲಿನಿ. 'ನನ್ನ' ಎಂದರೆ ಬಿಎಸ್ಸಿಯಲ್ಲಿ ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತವಳು, ಒಂದು ದಿನವೂ ನೆಪ ಹೇಳದವಳು. ಅರೇಹಳ್ಳಿ ಕಡೆಯವಳು, ತಾಯಿ ಮುತ್ತಮ್ಮ ಅಂಗನವಾಡಿಯ ಸಹಾಯಕಿ. ಡಿಗ್ರಿ ಮುಗಿಸಿ ಎರಡು ವರ್ಷ ಪರೀಕ್ಷೆಗಳನ್ನು ಬರೆದು ಕಾದು, ಈಗ ಕರಿಬಸವಯ್ಯನವರ ಶೆಡ್ಡಿನಲ್ಲಿ ಮರ ಉಜ್ಜುತ್ತ ದೋಣಿ ಕಲಿತಿದ್ದಾಳೆ. ಶೇಕಡಾ ನೂರು ಫಲಿತಾಂಶದ ಹಾಯಿ ಅವಳದು.

"ಮೇಡಂ, ಈ ಕೆಲ್ಸ ಸಿಕ್ಕಿದ್ರೆ ಅಮ್ಮನ ಹತ್ರ ಫಾರಂ ಫೀಸು ಕೇಳೋದು ತಪ್ಪುತ್ತೆ" ಎಂದಳು. ತಿಮ್ಮಯ್ಯನಿಗೂ ಬೇಕು. ಮೀನು ಕಡಿಮೆಯಾಗಿದೆ, ಬಲೆ ಎಳೆದು ಎಳೆದು ಭುಜ ಹೋಗಿದೆಯಂತೆ.

ಗಲಾಟೆ ಆದದ್ದು ಡ್ರಮ್ಮಿನ ವಿಷಯಕ್ಕೆ. ನೀರಿನ ನಡುವೆ ನೀಲಿ ಡ್ರಮ್ಮೊಂದನ್ನು ಕಲ್ಲು ಕಟ್ಟಿ ನಿಲ್ಲಿಸಿದ್ದಾರೆ. ಅದನ್ನು ಸುತ್ತಿ ಹಿಂದಿರುಗಬೇಕು. ಮೂರು ದೋಣಿಯವರು ಸುತ್ತದೆ ಒಳಗಿನಿಂದಲೇ ತಿರುಗಿ ಬಂದದ್ದನ್ನು ಮೋಟಾರು ದೋಣಿಯಲ್ಲಿ ಹಿಂದೆಯೇ ಇದ್ದ ಕರಿಬಸವಯ್ಯನವರು ಕಂಡರು. ಒಬ್ಬನಿಗೆ ಗಾಳಿ ತಳ್ಳಿತಂತೆ. ಒಬ್ಬನಿಗೆ ಅಭ್ಯರ್ಥಿಯ ಮುಖ ಅಡ್ಡ ಬಂದು ಡ್ರಮ್ಮು ಕಾಣಲಿಲ್ಲವಂತೆ. ಮೂರನೆಯವನಾದ ಸುನಿಲ್, "ಡ್ರಮ್ಮೇ ಸರ್ಕೊಳ್ತು ಮೇಡಂ" ಎಂದ. ಇಂದು ಬಿಟ್ಟೆ, ಮುಂದಿನ ವಾರದಿಂದ ಬಿಡುವುದಿಲ್ಲ.

ಜುಲೈ 6, ಭಾನುವಾರ

ಹೊಸ ನಿಯಮ: ಡ್ರಮ್ಮು ಸುತ್ತದ ದೋಣಿಗೆ ಎಂಟು ಅಂಕ. ಯಾವ ನೆಪವೂ ಇಲ್ಲ. ಮೈಕು ಹಿಡಿದು ನಾನೇ ಸಾರಿದೆ.

"ಹೆತ್ತವರು ಸತ್ತರು ಅಂತ ದಡದಿಂದ ಕೂಗಿದ್ರೂ ಸರಿ, ಮೊದಲು ಡ್ರಮ್ಮು ಸುತ್ತಿ, ಆಮೇಲೆ ಅಳಿ."

ಜನ ಚೆನ್ನಾಗಿ ನಕ್ಕರು. ತಿಮ್ಮಯ್ಯ ದೋಣಿಯಿಂದಲೇ ಕೂಗಿದರು. "ಮೇಡಮ್ಮ, ಹೆಂಡ್ತಿ ಸತ್ರೆ?"

"ಎರಡು ಸುತ್ತು."

"ನಾನು ಸತ್ರೆ ಈವಯ್ಯ ಮೂರು ಸುತ್ತು ಸುತ್ತಿ ಹಬ್ಬದೂಟ ಹಾಕುಸ್ತದೆ ಬುಡಿ" ಎಂದರು ರುದ್ರಮ್ಮ. ಚೇತನ್‌ಕುಮಾರ್ ಕೂಡ ನಕ್ಕು, ಮೇಡಂ ನೀವು ನಮ್ಮ ಹೋಟೆಲಿನ ಉದ್ಘಾಟನೆಗೆ ನಿರೂಪಣೆ ಮಾಡಬೇಕು ಎಂದರು. ಹಾಯಿ ಬಿಚ್ಚಿದವರಿಗೆ ಗಾಳಿ, ಬಾಯಿ ಬಿಚ್ಚಿದವರಿಗೆ ಚಪ್ಪಾಳೆ. ಬಸ್ಸಿನಲ್ಲಿ ಹಳೇಬೀಡು ದಾಟುವವರೆಗೂ ನನ್ನ ಮಾತಿಗೆ ನಾನೇ ನಗುತ್ತಿದ್ದೆ. ಪಕ್ಕದ ಹೆಂಗಸು ಬ್ಯಾಗನ್ನು ತನ್ನ ಕಡೆ ಎಳೆದುಕೊಂಡಳು.

ನಿಯಮಕ್ಕೆ ಫಲ ಸಿಕ್ಕಿತು. ಇಂದು ಏಳು ದೋಣಿಯೂ, ಗುಡಿಗೆ ಪ್ರದಕ್ಷಿಣೆ ಬರುವವರಂತೆ, ಭಯಭಕ್ತಿಯಿಂದ ಡ್ರಮ್ಮು ಸುತ್ತಿದವು. ಮತ್ತೆ ತಿಮ್ಮಯ್ಯ ಒಂದು, ಮಾಲಿನಿ ಎರಡು.

ಜುಲೈ 13, ಭಾನುವಾರ

ತಿಮ್ಮಯ್ಯ ಸತ್ತರು. ನೀರಿನಲ್ಲಿ.

ಜುಲೈ 15, ಮಂಗಳವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆದಿಡುತ್ತೇನೆ.

ಗಾಳಿ ಜೋರಿತ್ತು. ಓಟ ಬೇಡವೇನೋ ಎಂದು ಕರಿಬಸವಯ್ಯನವರು ಒಮ್ಮೆ ಅಂದರು. ದೋಣಿಯವರೇ ಆಗಲಿ ಎಂದರು. ಹೊರಟ ಸ್ವಲ್ಪ ಹೊತ್ತಿಗೆ ಒಂದು ದೋಣಿ ಮಗುಚಿತು. ಆ ಹುಡುಗನನ್ನು ತರಲು ಇದ್ದ ಒಂದೇ ಮೋಟಾರು ದೋಣಿಯಲ್ಲಿ ಕರಿಬಸವಯ್ಯನವರು ಏರಿಯ ಕಡೆಗೆ ಹೋದರು. ತಿಮ್ಮಯ್ಯ ಎಲ್ಲರಿಗಿಂತ ಮುಂದಿದ್ದರು. ಡ್ರಮ್ಮು ಸುತ್ತಿ ತಿರುಗುವಾಗ ಹಾಯಿಯ ಬುಡಕ್ಕೆ ಕಟ್ಟಿದ್ದ ಬಿದಿರು ಈ ಕಡೆಯಿಂದ ಆ ಕಡೆಗೆ ಬೀಸಿ ಬಂದು ತಲೆಗೆ ಬಡಿಯಿತು. ನೀರಿಗೆ ಬಿದ್ದರು. ಲೈಫ್ ಜಾಕೆಟ್ಟು ಮೈಮೇಲಿತ್ತು, ಎದೆಯ ಪಟ್ಟಿ ಹಾಕಿರಲಿಲ್ಲ. "ಉಸ್ರು ಕಟ್ತದೆ" ಎಂದು ಯಾವಾಗಲೂ ಬಿಚ್ಚಿಯೇ ಇಡುತ್ತಿದ್ದರು.

ಹಿಂದೆ ಬಂದವರಿಗೆ ಅವರಿಲ್ಲದ ದೋಣಿ ಕಂಡಿದೆ. ಸೆಕೆಯಾದಾಗ ನೀರಿಗೆ ಜಿಗಿದು ದೋಣಿ ಹಿಡಿದುಕೊಂಡು ಈಜುವುದು ಅವರ ಹಳೆಯ ಆಟ. ಅದೇ ಆಟ ಎಂದುಕೊಂಡು ಎಲ್ಲರೂ ದಾಟಿ ಬಂದರು. ಮಾಲಿನಿ ಒಬ್ಬಳೇ ತಿರುಗಿ ಹೋದಳು. ಒಳಗೆ ಎಳೆದುಕೊಳ್ಳಲು ಆಗದೆ, ಅವರ ಜಾಕೆಟ್ಟನ್ನು ದೋಣಿಯ ಪಕ್ಕಕ್ಕೆ ಹಗ್ಗದಿಂದ ಬಿಗಿದು, ಹಾಗೆಯೇ ದಡಕ್ಕೆ ತಂದಳು. ರುದ್ರಮ್ಮ ಎದೆಮಟ್ಟ ನೀರಿಗೆ ನಡೆದು ಹೋಗಿ ತಲೆಯನ್ನು ಮಡಿಲಿಗೆ ತೆಗೆದುಕೊಂಡರು. ನಾನು ಕುರ್ಚಿಯಿಂದ ಎದ್ದಿದ್ದೆ. ಎದ್ದು ಏನು ಮಾಡಿದೆನೆಂದು ನೆನಪಿಲ್ಲ.

ಪೆಟ್ಟು ದೊಡ್ಡದಲ್ಲ, ನೀರು ಕುಡಿದು ಹೋಗಿರುವುದು ಎಂದು ಡಾಕ್ಟರು ಹೇಳಿದರಂತೆ.

ಮೊದಲ ದೋಣಿ ದಡ ಮುಟ್ಟಿದ ಮೇಲೆ ಓಟ ರದ್ದಾಗುವುದಿಲ್ಲ ಎಂದು ನಾನೇ ಬರೆದ ನಿಯಮವಿದೆ. ಹಿಂದಿನೆರಡರಲ್ಲಿ ಕೊನೆಗೆ ಬಂದಿದ್ದ ಸುನಿಲ್ ಈ ಸಲ ಮೊದಲು ಮುಟ್ಟಿದ್ದ. ಅಂಕ ಹಾಕಿದೆ. ತಿಮ್ಮಯ್ಯ, ಮುಗಿಸಲಿಲ್ಲ, ಎಂಟು. ಮಾಲಿನಿ, ಮುಗಿಸಲಿಲ್ಲ, ಎಂಟು. ಒಂದೇ ಕೈಯಲ್ಲಿ ಬರೆದೆ, ಒಂದೇ ಶಾಯಿ. ಅಂಕಿಗಳು ಸೊಟ್ಟಗಾಗಲೂ ಇಲ್ಲ.

ಜುಲೈ 19, ಶನಿವಾರ

ಮಾಲಿನಿ ಬೇಲೂರಿನಿಂದ ಬಸ್ಸು ಹಿಡಿದು ಕಾಲೇಜಿಗೆ ಬಂದಿದ್ದಳು. ಸ್ಟಾಫ್ ರೂಮಿನಲ್ಲಿ ಬೇರೆಯವರಿದ್ದರು, ಹುಣಸೆಮರದ ಕೆಳಗೆ ಕರೆದುಕೊಂಡು ಹೋದೆ. ನಾನು ಮೊದಲೇ ಹೇಳಿದೆ: ನಿನಗೆ ಬಿದ್ದ ಎಂಟು ಹೋಗುತ್ತದೆ, ಅಪಾಯದಲ್ಲಿದ್ದವರಿಗೆ ನೆರವಾಗಿ ಓಟ ಬಿಟ್ಟವರಿಗೆ ಅದಕ್ಕೆ ಹಿಂದಿನ ಓಟಗಳ ಸರಾಸರಿ ಕೊಡಬೇಕೆಂದು ನಿಯಮವೇ ಇದೆ, ಒಂದು ಅರ್ಜಿ ಕೊಡು ಸಾಕು.

ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ ಬಿಡುತ್ತ ನಿಂತಿದ್ದಳು.

"ಅವ್ರು ಬಿದ್ದಿದ್ದು ನಾನು ನೋಡ್ದೆ ಮೇಡಂ. ಬೀಳ್ತಿದ್ದಂಗೇ ನೋಡ್ದೆ."

"ಗೊತ್ತು. ಅದಕ್ಕೇ ತಾನೆ ತಿರುಗಿಸಿದ್ದು?"

"ಆಗ್ಲೇ ತಿರುಗಿಸ್ಲಿಲ್ಲ. ಡ್ರಮ್ಮು ಸುತ್ತಿ ಆಮೇಲೆ ತಿರುಗಿಸ್ದೆ."

ಅವಳೇ ಮುಂದುವರಿಸಿದಳು.

"ಡ್ರಮ್ಮಿನ ಹತ್ರ ಇದ್ದೆ. ಅಲ್ಲೇ ಬಿಟ್ಟು ಹೋದ್ರೆ ಎಂಟು ಬೀಳುತ್ತಲ್ಲ ಅನ್ನಿಸ್ತು. ಅವ್ರು ಈಜ್ತಾರೆ, ಎದ್ದು ಬೈತಾರೆ ಅಂದ್ಕೊಂಡೆ. ತಲೆ ಎತ್ಲಿಲ್ಲ. ಅಷ್ಟೊತ್ತಿಗೆ ಅರ್ಧ ಸುತ್ತಿದ್ದೆ. ಇನ್ನರ್ಧ ಮುಗ್ಸೇಬಿಡಣ ಅಂತ..." ಜಿಪ್ಪು ನಿಂತಿತು. "ನೀವು ಮೈಕಲ್ಲಿ ಹೇಳಿದ್ರಲ್ಲ ಮೇಡಂ."

ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ತಪ್ಪಿದಾಗ, ಸೂತ್ರ ನೀವೇ ಬೋರ್ಡಿನ ಮೇಲೆ ಬರೆದದ್ದು ಎಂದು ತೋರಿಸುವ ಹುಡುಗಿಯ ದನಿ.

"ಯಾರಿಗಾದರೂ ಹೇಳಿದ್ದೀಯಾ?"

"ಅಮ್ಮಂಗೂ ಹೇಳಿಲ್ಲ. ರುದ್ರಮ್ಮಂಗೆ ಹೇಳಣ ಅಂತ ಎರಡು ಸಲ ಅವ್ರ ಮನೆ ತಂಕ ಹೋಗ್ಬಂದೆ."

"ಹೇಳಬೇಡ."

ಇಪ್ಪತ್ತಮೂರು ವರ್ಷದ ಹುಡುಗಿ. ಊರಿನವರ ಬಾಯಿ ಎಂಥದೆಂದು ಅವಳಿಗೆ ಗೊತ್ತಿಲ್ಲ. ತಕ್ಷಣ ತಿರುಗಿಸಿದ್ದರೆ ಬದುಕುತ್ತಿದ್ದರೆಂದು ಯಾರು ಹೇಳಬಲ್ಲರು? ಸಾಕ್ಷಿ ಇಲ್ಲದ ಸಂಭವನೀಯತೆಗೆ ಸಂಖ್ಯಾಶಾಸ್ತ್ರದಲ್ಲೂ ಬೆಲೆ ಇಲ್ಲ. ಕ್ಯಾಂಟೀನಿನಲ್ಲಿ ಕೂತು ಅರ್ಜಿ ಬರೆದೆವು. ಅಂದರೆ ನಾನು ಬರೆದೆ. 'ಕಂಡ ಕೂಡಲೇ ದೋಣಿ ತಿರುಗಿಸಿ' ಎಂಬಲ್ಲಿ ಅವಳ ಬೆರಳು ನಿಂತಿತು. "ಇಲ್ಲಿ ಸಹಿ" ಎಂದೆ. ಹಾಕಿದಳು. ಅವಳ ಒಳ್ಳೆಯದಕ್ಕಾಗಿಯೇ.

ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಏನು ಎಂದು ನೆನಪಿಲ್ಲ.

ಜುಲೈ 27, ಭಾನುವಾರ

ಎರಡು ವಾರ ಓಟ ನಿಂತಿತ್ತು. ರುದ್ರಮ್ಮನ ಮನೆಯಲ್ಲಿ ಸೂತಕ ಕಳೆದ ಮೇಲೆ ಇಂದು ಶೆಡ್ಡಿನಲ್ಲಿ ವಿಚಾರಣೆ. ಕರಿಬಸವಯ್ಯನವರು, ಚೇತನ್‌ಕುಮಾರ್, ನಾನು. ಎದುರಿಗೆ ಮಾಲಿನಿ. ಸಾಕ್ಷಿಯಾಗಿ ರುದ್ರಮ್ಮ, ಅಂದು ದಡದಿಂದ ನೀರನ್ನೇ ನೋಡುತ್ತಿದ್ದವರು ಆಕೆಯೊಬ್ಬರೇ. ಹಣೆ ಬೋಳು. ಕುರ್ಚಿ ಕೊಟ್ಟರೆ ಬೇಡವೆಂದು ಮಗುಚಿಟ್ಟ ದೋಣಿಯ ಅಂಚಿಗೆ ಒರಗಿ ನಿಂತರು.

ಮೊದಲು ರುದ್ರಮ್ಮನೇ ಒಂದು ಪ್ರಶ್ನೆ ಕೇಳಿದರು. "ಮೀನು ಲೈಸನ್ಸು ಅವ್ರ ಹೆಸ್ರಲ್ಲಿತ್ತು. ಈಗ ಅದೂ ಇಲ್ಲ. ಅವ್ರ ದೋಣಿ ನಾನು ಓಡುಸ್ಬೋದಾ?"

ಚೇತನ್‌ಕುಮಾರ್ ನನ್ನ ಮುಖ ನೋಡಿದರು. ಅಂಕ ದೋಣಿಗೆ, ನಡೆಸುವವರಿಗಲ್ಲ, ಯಾರು ಬೇಕಾದರೂ ನಡೆಸಬಹುದು ಎಂದೆ. ಹಾಗೆಯೇ ಇದೆ ನಿಯಮ. ಹೀಗೆ ಅವರೂ ಆ ಕೆಲಸಕ್ಕೆ ನಿಂತರು, ಮಾಲಿನಿಗೆ ಎದುರಾಗಿ. ಮಾಲಿನಿಯ ಎಂಟು ಉಳಿದರೆ ಸತ್ತವರ ದೋಣಿ ಮುಂದೆ. ಎಂಟು ಹೋಗಿ ಸರಾಸರಿಯ ಎರಡು ಬಂದರೆ ಮಾಲಿನಿ ಬಹಳ ಮುಂದೆ. ಇದನ್ನು ರುದ್ರಮ್ಮನಿಗೆ ಬಿಡಿಸಿ ಹೇಳಿದೆ. "ತಿಳೀತು" ಎಂದರು.

ಚೇತನ್‌ಕುಮಾರ್ ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳ್ಕೋಬೇಡಿ. ನೆರವು ಅಂದ್ರೆ ಏನು? ಮನುಷ್ಯ ಉಳೀಲಿಲ್ವಲ್ಲ. ಫಲ ಇಲ್ದೆ ಇರೋ ನೆರವಿಗೆ ಅಂಕ ಕೊಟ್ರೆ, ನಾಳೆ..."

"ಹೆಣ ತಂದ್ಲಲ್ಲ ಸಾರ್" ಎಂದರು ರುದ್ರಮ್ಮ. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. "ನಮ್ಮ ಭಾವ ಮುಳುಗ್ದಾಗ ಈ ನೀರು ಮೂರು ದಿನ ಮಡೀಕಂಡು ಕೊಟ್ಟದೆ. ಗುರ್ತು ಸಿಕ್ಕಿದ್ದು ಉಡದಾರದಿಂದ. ಈ ಮಗ ನಂಗೆ ಬೆಚ್ಚಗಿದ್ದಂಗೇ ತಂದುಕೊಟ್ಟಳು. ಕೈ ಹಿಡ್ಕಂಡೆ, ಬೆಚ್ಚಗಿತ್ತು. ಅದ್ಕೆ ಎಷ್ಟಾಯ್ತದೆ ನಿಮ್ಮ ಲೆಕ್ಕದಲ್ಲಿ, ಹಾಕಿ."

ಕರಿಬಸವಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. ಪದ್ಧತಿಗೆಂದು ಮಾಲಿನಿಯನ್ನು ಕೇಳಿದರು. "ಬಿದ್ದಿದ್ದು ಕಂಡಾಗ ನೀನು ಎಲ್ಲಿದ್ದೆಯಮ್ಮ? ಕಂಡ ತಕ್ಷಣ ತಿರುಗಿಸ್ದಾ?"

ಅವಳು ನನ್ನ ಕಡೆ ನೋಡಿದಳು. ಬಾಯಿ ತೆರೆದಿತ್ತು.

"ಅರ್ಜಿಯಲ್ಲಿ ಇದೆ ಸಾರ್. ಕಂಡ ಕೂಡಲೇ" ಎಂದೆ.

ಅಂದು ಡ್ರಮ್ಮು ದಡದಿಂದ ಒಂದು ನೀಲಿ ಚುಕ್ಕೆಯಷ್ಟೇ. ರುದ್ರಮ್ಮನಿಗೂ ಹೆಚ್ಚು ಕಂಡಿರಲಾರದು. ಮೂವರೂ ಒಪ್ಪಿ ಸರಾಸರಿ ಕೊಟ್ಟೆವು. ಸರಾಸರಿಯ ಮೇಲೆ ಹಿಂದೆ ನಾನೊಂದು ಒಳ್ಳೆಯ ಮಾತು 'ಸರಿ'ಯ ಜೊತೆ ಸೇರಿಸಿ ಹೇಳುತ್ತಿದ್ದೆ, ತರಗತಿ ನಗುತ್ತಿತ್ತು. ಇಂದು ನೆನಪಿಗೆ ಬರಲಿಲ್ಲ.

ಹೊರಡುವಾಗ ರುದ್ರಮ್ಮ ಮಾಲಿನಿಯ ಕೆನ್ನೆ ಸವರಿದರು. ಮಾಲಿನಿ ಕಲ್ಲಿನ ಹಾಗೆ ನಿಂತಿದ್ದಳು. ಮಳೆಯಲ್ಲಿ ನೆನೆದಿದ್ದಾಳೆ, ಜ್ವರವಿರಬೇಕು ಎಂದೆ.

ಆಗಸ್ಟ್ 3, ಭಾನುವಾರ

ನಾಲ್ಕನೆಯ ಓಟ. ಡ್ರಮ್ಮನ್ನು ದಡದ ಹತ್ತಿರಕ್ಕೆ ತಂದಿದ್ದಾರೆ. ಮೋಟಾರು ದೋಣಿಗೆ ಜೊತೆಯಾಗಿ ಇನ್ನೊಂದನ್ನು ಬಾಡಿಗೆಗೆ ತಂದಿದ್ದಾರೆ. ಜಾಕೆಟ್ಟಿನ ಪಟ್ಟಿಯನ್ನು ಕರಿಬಸವಯ್ಯನವರೇ ಒಬ್ಬೊಬ್ಬರದಾಗಿ ಎಳೆದು ನೋಡಿದರು. ನಾನು ಮೈಕು ಮುಟ್ಟಲಿಲ್ಲ. ನಿಯಮ ಓದಬೇಕಲ್ಲಮ್ಮ ಎಂದರು. ಎಲ್ಲರಿಗೂ ಗೊತ್ತಿದೆ ಎಂದೆ.

ಹುಟ್ಟುಹಬ್ಬದ ಶುಭಾಶಯದ ಹಾಯಿಯ ಕೆಳಗೆ ರುದ್ರಮ್ಮ ಸೆರಗು ಬಿಗಿದು ಕೂತಿದ್ದರು. ಹಗ್ಗ ಹಿಡಿದ ಕೈ ಹೊಸತಾದರೂ ನೀರು ಹಳೆಯದು, ಎರಡನೆಯವರಾಗಿ ಬಂದರು. ಮಾಲಿನಿ ಮೊದಲು. ಅವಳು ಡ್ರಮ್ಮನ್ನು ಎಷ್ಟು ದೂರದಿಂದ ಸುತ್ತಿದಳೆಂದರೆ ಅದರ ನೆರಳೂ ದೋಣಿಗೆ ತಾಗುತ್ತಿರಲಿಲ್ಲ.

ಲೆಕ್ಕ: ಮಾಲಿನಿ ಏಳು, ರುದ್ರಮ್ಮನ ದೋಣಿ ಹನ್ನೆರಡು, ಉಳಿದವರು ತೀರ ಹಿಂದೆ. ಕೊನೆಯ ಓಟದಲ್ಲಿ ಮಾಲಿನಿ ಮೊದಲ ಐವರಲ್ಲಿ ಒಬ್ಬಳಾಗಿ ಬಂದರೆ ಸಾಕು, ಕೆಲಸ ಅವಳದು. ಅಷ್ಟಾಗಿ ಮುಗಿದರೆ ನನಗೂ ಸಾಕು.

ಓಟದ ನಂತರ ರುದ್ರಮ್ಮ ಬುತ್ತಿ ಬಿಚ್ಚಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಒಂದು ತಟ್ಟೆಯನ್ನು ಮಾಲಿನಿಯ ಮುಂದೆ ಇಟ್ಟರು.

"ಉಣ್ಣು ಮಗ. ಈ ಹದಿನೈದು ದಿನಕ್ಕೆ ಕಡ್ಡಿ ಆಗಿದೀಯ."

ಮಾಲಿನಿ ತುತ್ತು ಮುರಿದು ಬಾಯಿಗಿಟ್ಟಳು. ನುಂಗಲಾಗದೆ ಎದ್ದು ಶೆಡ್ಡಿನ ಹಿಂದಕ್ಕೆ ಓಡಿದಳು.

"ಏನಾಯ್ತವ್ವ ಅದ್ಕೆ?"

"ಪಿತ್ತ ರುದ್ರಮ್ಮ. ಬಿಸಿಲಲ್ಲಿ ಇದ್ದಳಲ್ಲ" ಎಂದೆ.

ನಾನು ಉಂಡೆ. ಬಸ್ಸಾರು ಚೆನ್ನಾಗಿತ್ತು.

ಆಗಸ್ಟ್ 10, ಭಾನುವಾರ

ಇಂದು ಸ್ಕೂಟರಿನಲ್ಲಿ ಹೋದೆ. ಬಸ್ಸಿನಲ್ಲಿ ಯಾರಾದರೂ ಗುರುತಿನವರು ಸಿಕ್ಕಿ ಪಂದ್ಯಾವಳಿಯ ವಿಷಯ ಎತ್ತುತ್ತಾರೆ.

ಎಲೆ ಅಲುಗುವಷ್ಟೇ ಗಾಳಿ. ಹಾಯಿಗಳು ಒಣಹಾಕಿದ ಸೀರೆಗಳ ಹಾಗೆ ಇಳಿಬಿದ್ದಿದ್ದವು. ದೋಣಿಗಳು ಹೋಗುತ್ತಿವೆಯೋ ನಿಂತಿವೆಯೋ ತಿಳಿಯದು. ಮೊದಲಿನಿಂದಲೂ ಮಾಲಿನಿ ಮುಂದೆ, ಅವಳ ಹಿಂದೆಯೇ ರುದ್ರಮ್ಮ. ಚೇತನ್‌ಕುಮಾರ್ ಹಾರ ತರಿಸಿಟ್ಟಿದ್ದರು. ಮುತ್ತಮ್ಮ ಒಳ್ಳೆಯ ಸೀರೆ ಉಟ್ಟು ಬಂದು ನನ್ನ ಪಕ್ಕ ಕೂತಿದ್ದರು. "ನಿಮ್ಮಿಂದ ಆಯ್ತು ಮೇಡಂ" ಎಂದು ಎರಡು ಸಲ ಹೇಳಿದರು.

ಮಾಲಿನಿ ಡ್ರಮ್ಮಿನ ಹತ್ತಿರ ಬಂದಳು. ಕೈಚಾಚಿದರೆ ತಾಗುವಷ್ಟು ಹತ್ತಿರ. ದಡದಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಅಲ್ಲಿ ಹಾಯಿಯ ಹಗ್ಗ ಸಡಿಲ ಬಿಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ನಂತರ ಡ್ರಮ್ಮನ್ನು ಆಚೆಗೇ ಬಿಟ್ಟು, ಒಳಗಿನಿಂದ ದೋಣಿ ತಿರುಗಿಸಿ, ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ಬಂದಳು. "ಸುತ್ತೇ ಇಲ್ಲ" ಎಂದು ಯಾರೋ ಕೂಗಿದರು. ಸುನಿಲ್ ನೀರಿನ ಮೇಲಿಂದ "ಏ ಮಾಲಿನಿ, ಡ್ರಮ್ಮು, ಡ್ರಮ್ಮು" ಎಂದು ಎಚ್ಚರಿಸಿದ. ಅವಳು ತಿರುಗಿ ನೋಡಲಿಲ್ಲ.

ರುದ್ರಮ್ಮ ಸುತ್ತಿದರು. ಸುತ್ತುವಾಗ ಅವರ ಕಣ್ಣು ಡ್ರಮ್ಮಿನ ಮೇಲಿರಲಿಲ್ಲ, ಮಾಲಿನಿಯ ಬೆನ್ನಿನ ಮೇಲಿತ್ತು.

ಕರಿಬಸವಯ್ಯನವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಡ್ರಮ್ಮಿನ ಹಗ್ಗ ಸಡಿಲವಾಗಿ ಸರಿದಿತ್ತು ಅಂತ ಬರೀಬಹುದು ಕಣಮ್ಮ. ನಾನು ಒಪ್ತೀನಿ. ಪಾಪದ ಹುಡುಗಿ."

ಮುತ್ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಬರೆಯಲು ಪೆನ್ನು ತೆಗೆದೆ. ಬರೆಯುತ್ತಿದ್ದೆನೇನೋ. ಅಷ್ಟರಲ್ಲಿ ಮಾಲಿನಿ ದೋಣಿಯನ್ನು ಮರಳಿಗೆ ಎಳೆದು ನೇರ ನನ್ನ ಹತ್ತಿರ ಬಂದಳು. ಮೊಣಕಾಲವರೆಗೆ ಒದ್ದೆ.

"ಡ್ರಮ್ಮು ಸರಿದಿತ್ತಾ ಮಾಲಿನಿ?" ಎಂದೆ. ಹೂಂ ಅನ್ನು ಎಂದು ಕಣ್ಣಿನಲ್ಲೇ ಹೇಳಿದೆ.

"ಇಲ್ಲ ಮೇಡಂ. ಅಲ್ಲೇ ಇತ್ತು. ಎಂಟು ಹಾಕಿ."

ಹಾಕಿದೆ. ಮಾಲಿನಿ ಹದಿನೈದು. ರುದ್ರಮ್ಮನ ದೋಣಿ ಹದಿಮೂರು. ಮುತ್ತಮ್ಮ ಎದ್ದು ಮಗಳ ತೋಳು ಹಿಡಿದು, ಏನನ್ನೂ ಕೇಳದೆ, ರಸ್ತೆಯ ಕಡೆಗೆ ನಡೆಸಿಕೊಂಡು ಹೋದರು. ಆ ಸೀರೆಯ ಬೆನ್ನು ತಿರುವಿನವರೆಗೂ ಕಾಣುತ್ತಿತ್ತು.

ಚೇತನ್‌ಕುಮಾರ್ ಮೈಕಿನಲ್ಲಿ ಹೆಸರು ಹೇಳಿದರು, ಚಪ್ಪಾಳೆ ಬಿತ್ತು, ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಕಮ್ಮ ಎಂದರು. ರುದ್ರಮ್ಮ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ, ಕೈಯಲ್ಲಿ ತೆಗೆದುಕೊಂಡರು.

ಜನ ಕರಗಿದ ಮೇಲೆ ನಾನು ಬ್ಯಾಗು ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಬಂದರೆ ರುದ್ರಮ್ಮ ಅಲ್ಲಿ ನಿಂತಿದ್ದರು.

"ಆ ಮಗ ಯಾಕೆ ಹಂಗ್ ಮಾಡಿದ್ಲು ಮೇಡಮ್ಮ?"

"ಗಾಳಿ ರುದ್ರಮ್ಮ. ಗಾಳಿ ತಳ್ಳಿಬಿಡ್ತು ಅನ್ಸುತ್ತೆ."

ಅವರು ನೀರಿನ ಕಡೆ ನೋಡಿದರು. ಕನ್ನಡಿಯ ಹಾಗಿತ್ತು.

"ಗಾಳಿ ಎಲ್ಲಿತ್ತವ್ವಾ" ಎಂದರು.

ದಾರಿ ಬಿಡಲಿಲ್ಲ. ನನ್ನನ್ನು ನೋಡುತ್ತ ನಿಂತರು.

ಬಸ್ಸಿಗೆ ಹೊತ್ತಾಯ್ತು, ಬರ್ತೀನಿ ಎಂದೆ. ಅವರ ಕೈ ನನ್ನ ಸ್ಕೂಟರಿನ ಸೀಟಿನ ಮೇಲಿತ್ತು.